ಮೌನಿಗಳ ತೋಪು

"ಮರಕ್ಕೆ ಮಾತ್ರ ಗಾಯ ಮಾಡಬ್ಯಾಡಪ್ಪ," ಎಂದಳು ಅಶ್ವತ್ಥಮ್ಮ. ಗೌರಿಬಿದನೂರಿನಾಚೆ, ಎತ್ತರದ ಕಲ್ಲುಗೋಡೆಯೊಳಗೆ ಕತ್ತಲುಗಟ್ಟಿ ನಿಂತ ಆ ಹಳೆಯ ತೋಪಿನ ಬಾಗಿಲಲ್ಲಿ ದಿನವೂ ಕಸ ಗುಡಿಸಿ ದೀಪವಿಡುವ ಮುದುಕಿ ಅವಳು. "ಒಳಗೆ ಮಠ ಇತ್ತು. ಅಲ್ಲಿದ್ದ ಮೌನಿಗಳ್ನ ಪಾಳೇಗಾರ ಗೋಡೆ ಕಟ್ಸಿ ಕೂಡಿಹಾಕ್ದ. ಈಚೆಗೆ ಬರ್ದಂಗೆ ಮಂತ್ರವಾದಿ ಕೈಲಿ ದಿಗ್ಬಂಧನ ಮಾಡಿಸ್ದ. ಅಲ್ಲೇ ಸತ್ತು ಮರ ಆದ್ರು. ಗಾಯ ಮಾಡ್ದೋರಿಗೂ ಅದೇ ಬಂಧನ."

ಸುನೀಲ್ ನಕ್ಕ. "ಹಂಗಾದ್ರೆ ಈ ಕಾಡಿಗೆ ಗಾರ್ಡೇ ಬೇಡ ಬಿಡಜ್ಜಿ."

"ಸುಮ್ನಿರೋ ಸುನಿ," ಎಂದು ಅಕ್ಕ ಯಶೋಧರಾ ಗದರಿದಳು. ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ಅವಳೇ. ಅವಳಿಗೆ ಈ ಊರಿನ ಕಾಲೇಜಿನಲ್ಲಿ ಕೆಲಸ. ಅವಳನ್ನು ನೋಡಿಹೋಗಲು ಸುನೀಲ್ ತುಮಕೂರಿನಿಂದ ಬಂದಿದ್ದ. ಬಿಸಿಲಿಗೆ ತಲೆ ಸಿಡಿಯುತ್ತಿದೆಯೆಂದು ಅವಳು ಕಾರಿನಲ್ಲೇ ಉಳಿದಳು; ಅವನೊಬ್ಬನೇ ಒಳಹೊಕ್ಕ.

ಒಳಗೆ ಮಧ್ಯಾಹ್ನದ ಬಿಸಿಲು ನೆಲಕ್ಕೆ ಇಳಿದೇ ಇರಲಿಲ್ಲ. ಕುಸಿದ ಮಠದ ಕಂಬಗಳನ್ನು ಮುದಿ ಆಲಗಳ ಬೇರುಗಳು ಹಿಂಡಿ ಹಿಡಿದಿದ್ದವು. ಸುನೀಲ್ ಜೇಬಿನಿಂದ ಬೀಗದ ಕೈ ತೆಗೆದು ಒಂದು ಬೊಡ್ಡೆಯ ಮೇಲೆ 'ಸು' ಎಂದು ಕೆರೆದ. ಹಾಲು ಬರಲಿಲ್ಲ. ಕಪ್ಪು ನೀರು ಜಿನುಗಿತು. ಒದ್ದೆ ವಿಭೂತಿಯೂ ಸುಟ್ಟ ಕೂದಲೂ ಬೆರೆತಂಥ ವಾಸನೆ ಗಂಟಲಿಗೆ ಅಂಟಿತು.

ಹಕ್ಕಿಗಳ ಸದ್ದು ನಿಂತಿತು. ಬಾಯಿ ಮುಚ್ಚಿಕೊಂಡೇ ಯಾರೋ ಜಪಿಸುತ್ತಿರುವ ಗುಂಯ್‌ಗುಡುವ ಸದ್ದು. ಒಬ್ಬರದಲ್ಲ. ಸುತ್ತಲಿಂದಲೂ.

ಬಂದ ದಾರಿಯಲ್ಲೇ ಅವನು ಬಿರಬಿರನೆ ಹಿಂದಿರುಗಿದ. ಬಾಗಿಲಿರಬೇಕಾದ ಕಡೆ ಗೋಡೆಯಿತ್ತು. ಪಾಚಿ ಹಿಡಿದ, ಬಿರುಕಿಲ್ಲದ ಕಲ್ಲು. ಗೋಡೆ ತಡವುತ್ತ ಓಡಿದ. ಎಷ್ಟು ಓಡಿದರೂ ಕಲ್ಲೇ.

"ಅಕ್ಕಾ!"

"ಏನೋ? ಕಾರಿಳಿದು ಬಾಗ್ಲಲ್ಲೇ ನಿಂತಿದ್ದೀನಲ್ಲ, ಬಾ!" ದನಿ ಗೋಡೆಯ ಆಚೆಯಿಂದಲೇ ಬಂತು.

"ಬಾಗ್ಲೇ ಇಲ್ಲ ಕಣಕ್ಕಾ!"

ಬೆನ್ನಿಗೆ ತೊಗಟೆ ತಾಗಿತು. ತಿರುಗಿದ. ಆಗಷ್ಟೇ ದೂರವಿದ್ದ ಮರ. ಪಕ್ಕದಲ್ಲಿ ಇನ್ನೊಂದು. ತೊಗಟೆ ಉಬ್ಬಿತು. ಇಳಿಯಿತು. ಉಸಿರಾಡುತ್ತಿತ್ತು. ಅವನು ಚೀರಿದ. ಆಚೆ ಕಾರು ಗುರುಗುಟ್ಟಿ ಗೋಡೆಗೆ ಒತ್ತಿ ನಿಂತ ಸದ್ದು. ಅಕ್ಕ ಅದರ ಮೇಲೆ ಹತ್ತಿದಳು. ಗೋಡೆಯ ಮೇಲಿಂದ ಅವಳ ಕೈ ಇಳಿಯಿತು.

"ಹಿಡ್ಕೋ ಸುನಿ!"

"ಬ್ಯಾಡಮ್ಮಾ, ಕೈ ಕೊಡಬ್ಯಾಡ!" ಮುದುಕಿಯ ಕೂಗು.

ಸುನೀಲ್ ಹಿಡಿದ. ಅಕ್ಕ ಮೇಲಕ್ಕೆ ಜಗ್ಗಿದಳು. ಅವನು ಗೋಡೆ ದಾಟಿ ಕಾರಿನ ಮೇಲೆ ಬಿದ್ದ. ಬಿಸಿಲು. ಗಾಳಿ. ಅಕ್ಕ ಇಲ್ಲ. ಅವಳ ಚಪ್ಪಲಿಗಳಷ್ಟೇ ಅಲ್ಲಿದ್ದವು.

"ಸುನಿ, ಬಾಗ್ಲೆಲ್ಲೋ?" ಗೋಡೆಯೊಳಗಿಂದ ಅವಳ ದನಿ.

ಅಶ್ವತ್ಥಮ್ಮ ನೆಲಕ್ಕೆ ಕುಸಿದಳು. "ಒಬ್ರು ಈಚೆಗೆ ಬಂದ್ರೆ, ಎಳ್ಕೊಂಡೋರು ಒಳಗಿರ್ಬೇಕಪ್ಪ. ಅದು ಹಂಗೇ."

ಒಳಗೆ ಬೇರು ತುಳಿದು ಹತ್ತುವ ಸದ್ದು. ಗೋಡೆಯ ಅಂಚಿನಲ್ಲಿ ಅವಳ ಬೆರಳುಗಳು ಕಂಡವು. ಉಗುರೊಳಗೆಲ್ಲ ಪಾಚಿ.

"ಕೈ ಕೊಡೋ. ಮರಗಳು ಹತ್ರ ಬರ್ತಾ ಇವೆ ಕಣೋ. ಬೇಗ."

ಸುನೀಲನ ಕೈ ಮೇಲೆದ್ದಿತು. ಇನ್ನೇನು ಗೇಣು ದೂರ. ಒಳಗಿನ ವಾಸನೆ ಮೂಗಿಗೆ ಬಡಿಯಿತು. ಕೈ ನಿಂತಿತು.

"ಸುನಿ?"

ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು, ಸದ್ದಾಗದಂತೆ ಕಾರಿನಿಂದ ಕೆಳಗಿಳಿದ.