ಅಳಿಸದೆ ಬಿಟ್ಟ ಚಿತ್ರಗಳು

ಅಕ್ಟೋಬರ್ 13ರ ಬೆಳಿಗ್ಗೆ ಅಜ್ಜಂಪುರ ಠಾಣೆಗೆ ಬಂದ ಹಾಲಮ್ಮನ ದೂರು ವಿಚಿತ್ರವಾಗಿತ್ತು. ಜೂನ್‌ನಲ್ಲಿ ಕೆಲಸಕ್ಕೆಂದು ಮನೆ ಬಿಟ್ಟ ಮಗಳು ಭೂಮಿಕಾ ವಾರವಾರ ಇಮೇಲ್ ಬರೆಯುತ್ತಾಳೆ, ಆದರೆ ಒಮ್ಮೆಯೂ ಫೋನು ಮಾಡಿಲ್ಲ. ಇಮೇಲ್ ಓದಿ ಹೇಳುವವನೂ, ಹಾಲಮ್ಮ ಹೇಳಿದ ಉತ್ತರವನ್ನು ಟೈಪ್ ಮಾಡುವವನೂ ಗಂಡ ಹನುಮಂತಯ್ಯನೇ.

“ಮಾತೆಲ್ಲಾ ಅವಳ್ದೇ ಕಣ್ರೀ. ಆದ್ರೆ ಬರೀತಿರೋದು ಅವಳಲ್ಲ,” ಎಂದಳು ಹಾಲಮ್ಮ.

ಸಬ್ ಇನ್‌ಸ್ಪೆಕ್ಟರ್ ಸ್ಫೂರ್ತಿ ನಾಪತ್ತೆ ಪ್ರಕರಣವೆಂದು ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಹೊನ್ನೇಶ್‌ನನ್ನು ಕರೆದುಕೊಂಡು ಜೀಪು ಹತ್ತಿದಳು.

ನಡುಮನೆಯಲ್ಲಿದ್ದ ಕಂಪ್ಯೂಟರ್ ಇಡೀ ಮನೆಗೆ ಒಂದೇ. ಅದರ ನೆತ್ತಿಯ ಮೇಲೆ ಆಯುಧಪೂಜೆಯ ಕುಂಕುಮ ಇನ್ನೂ ಇತ್ತು. ಪಂಚರ ಎದುರು ಹೊನ್ನೇಶ್ ಬ್ರೌಸರ್ ತೆರೆದ. ಹಿಸ್ಟರಿ ಖಾಲಿ. ಹಳೆಯ ಯಂತ್ರ, ಆದರೆ ನಿನ್ನೆ ತಂದಿಟ್ಟಂತಿತ್ತು.

“ಯಾರ್ರೀ ಕ್ಲೀನ್ ಮಾಡೋರು?” ಎಂದು ಹೊನ್ನೇಶ್ ಕೇಳಿದ.

“ನಾನೇ. ಸ್ಲೋ ಆಗ್ತದೆ ಅಂತ,” ಎಂದ ಹನುಮಂತಯ್ಯ.

ಆದರೆ ಬ್ರೌಸರ್ ಅಷ್ಟು ಸುಲಭಕ್ಕೆ ಮರೆಯುವ ಪೈಕಿ ಅಲ್ಲ. ನೋಡಿದ ಪುಟಗಳ ಚಿತ್ರಗಳನ್ನು ಮುಂದಿನ ಸಲ ಬೇಗ ತೋರಿಸಲೆಂದು ತಾತ್ಕಾಲಿಕ ಫೈಲುಗಳಾಗಿ ಮೂಲೆಯಲ್ಲಿ ಕೂಡಿಡುತ್ತದೆ. ಹಿಸ್ಟರಿ ಅಳಿಸಿದರೆ ಅವು ಹೋಗುವುದಿಲ್ಲ, ಅವಕ್ಕೆ ಬೇರೆಯೇ ಟಿಕ್ ಹಾಕಬೇಕು. ಹೊನ್ನೇಶ್ ಆ ಮೂಲೆ ಕೆದಕಿದ. ಖಾಲಿಯಾಗಿದ್ದ ಪರದೆಯ ಮೇಲೆ ಭೂಮಿಕಾ ಒಂದೊಂದಾಗಿ ಮೂಡತೊಡಗಿದಳು. ಜಡೆ ಹೆಣೆದ ಭೂಮಿಕಾ, ನಗುವ ಭೂಮಿಕಾ, ಬೆನ್ನು ತಿರುಗಿಸಿ ನಿಂತ ಭೂಮಿಕಾ. ಎಲ್ಲವೂ ಅವಳ ಇಮೇಲ್ ಖಾತೆಯೊಳಗೆ ಹೊಕ್ಕವರಿಗೆ ಮಾತ್ರ ಕಾಣುವ ಫೋಟೊಗಳು. ಕೊನೆಯದನ್ನು ಯಾರೋ ತೆರೆದು ನೋಡಿದ್ದು ಅಕ್ಟೋಬರ್ 1ರ ಸಂಜೆ.

ಹಾಲಮ್ಮ ಬೆಚ್ಚಿದಳು. ಅಂದು ಆಯುಧಪೂಜೆ. ಪೂಜೆಗಿಟ್ಟ ಯಂತ್ರವನ್ನು ಮಾರನೆಯ ದಿನದವರೆಗೆ ಆ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಪೂಜೆ ಮುಗಿಸಿ ಅವಳು ತರೀಕೆರೆಯ ಅಣ್ಣನ ಮನೆಗೆ ಹೋಗಿದ್ದಳು.

ಸ್ಫೂರ್ತಿ ಅವಳನ್ನು ಒಳಗೆ ಕಳಿಸಿದಳು.

“ಅವತ್ತು ಮನೇಲಿ ಯಾರಿದ್ರು?”

“ನಾನೊಬ್ನೇ.”

“ಭೂಮಿಕಾ ಎಲ್ಲಿ?”

ಹನುಮಂತಯ್ಯ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಪಂಪ್‌ಸೆಟ್ ಮನೆ ಹಿಂದೆ,” ಎಂದ.

ಮಧ್ಯಾಹ್ನ ತಹಶೀಲ್ದಾರರ ಸಮ್ಮುಖದಲ್ಲಿ ಅಗೆಸಿ ಪಂಚನಾಮೆ ಮಾಡಿದರು. ಕೆಲಸಕ್ಕೆ ಹೋಗುತ್ತೇನೆಂದು ಹಟ ಹಿಡಿದ ಮಗಳನ್ನು ಹನುಮಂತಯ್ಯ ಸಿಟ್ಟಿನಲ್ಲಿ ತಳ್ಳಿದ್ದ, ನೀರಿನ ತೊಟ್ಟಿಯ ಕಲ್ಲಿಗೆ ಅವಳ ತಲೆ ಬಡಿದಿತ್ತು. ಅವಳು ಕೆಲಸಕ್ಕೆ ಹೋದಳೆಂದು ಹೆಂಡತಿಯನ್ನು ನಂಬಿಸಿದ. ಮಗಳ ಸುದ್ದಿಯಿಲ್ಲದೆ ಹಾಲಮ್ಮ ಊಟ ಬಿಟ್ಟಾಗ ಮೊದಲ ಇಮೇಲ್ ಬರೆದ; ಮಗಳ ಪಾಸ್‌ವರ್ಡನ್ನು ಆ ಯಂತ್ರವೇ ನೆನಪಿಟ್ಟುಕೊಂಡಿತ್ತು. ಆಮೇಲೆ ಹಾಲಮ್ಮ ಬರೆಸಿದ ಉತ್ತರಗಳನ್ನು ಓದಲು ಯಾರಾದರೂ ಬೇಕಿತ್ತಲ್ಲ, ಮಗಳ ಖಾತೆಗೆ ಹೊಕ್ಕು ತಾನೇ ಓದುತ್ತಿದ್ದ.

ಬಂಧಿಸಿ ಜೀಪು ಹತ್ತಿಸುವಾಗ ಸ್ಫೂರ್ತಿಗೆ ಕೇಳದೆ ಇರಲಾಗಲಿಲ್ಲ. “ಎಲ್ಲಾ ಅಳಿಸ್ತಿದ್ರಿ. ಚಿತ್ರಗಳಿಗೆ ಯಾಕೆ ಟಿಕ್ ಹಾಕ್ಲಿಲ್ಲ?”

“ಕಂಪ್ಯೂಟರ್ ದಿನಾ ಕೇಳೋದು ಮೇಡಂ, ಚಿತ್ರನೂ ಅಳಿಸ್ಲಾ ಅಂತ. ಒಂದ್ಸಲ ಕೈಯಾರೆ ಕಳ್ಕೊಂಡಿದ್ದೆ. ಎರಡ್ನೇ ಸಲ ಕೈ ಬರ್ಲಿಲ್ಲ.”