ಸೀಲು ಮುರಿಯದೆ ಏರಿದ ತೂಕ

ಮುನ್ನೂರು ಕಿಲೋ ಜಾಸ್ತಿ!

ಬಂದರಿನಲ್ಲಿ ಲಾರಿ ತೂಗುವ ವೇಬ್ರಿಡ್ಜ್‌ನ ಪರದೆಯ ಅಂಕಿಯನ್ನು ಸೂಪರ್‌ವೈಸರ್ ಹುಡುಗಿ ಎರಡೆರಡು ಸಲ ಓದಿದಳು. ಒಂದೊಂದು ಹೊಲಿಗೆ ಯಂತ್ರವನ್ನೂ ಎದುರು ನಿಂತು ತೂಗಿಸಿ, ತುಂಬಿಸಿ, ಸೀಲು ಹಾಕಿಸಿದ ಅವಳ ಮೊಟ್ಟಮೊದಲ ಕಂಟೇನರ್ ಅದು. ತೂಕ ಕಾಗದದ ಲೆಕ್ಕಕ್ಕೆ ತಾಳೆಯಾಗದೆ ಹಡಗು ಹತ್ತಿಸುವಂತಿಲ್ಲ. ಸಂಜೆಯ ಹಡಗು ತಪ್ಪಿತೋ, ಹೊಸ ಹುದ್ದೆಗೆ ಎಳ್ಳುನೀರು!

ತನಿಖೆಗೆ ಬಂದವರು ತೂಕದ ಅಧಿಕಾರಿ. ಗುಂಜಿಯಷ್ಟು ವ್ಯತ್ಯಾಸವನ್ನೂ ಬಿಡದ ಕಾರಣ ಬಂದರಿಗೆಲ್ಲ ಅವರು ಗುಂಜಿ ಮೇಡಂ.

ಯಾರ ಕೈವಾಡ? ಕಳ್ಳಮಾಲು ಸೇರಿಸಿದರೇ? ಮೊದಲ ಅನುಮಾನ ಲೋಡಿಂಗ್ ಮೇಸ್ತ್ರಿಯ ಮೇಲೆ. ಒಂದು ಮೊಳೆ ಹೆಚ್ಚಿಗೆ ಹೋಗಿದ್ದರೂ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ಅವನು ಫೋನಿನಲ್ಲೇ ಪಂಥ ಕಟ್ಟಿದ. ಸೀಲು ನೋಡಿದರೆ ಹಾಕಿದ ಹಾಗೇ ಇದೆ. ಹುಡುಗಿ ಲೆಕ್ಕವನ್ನು ಮತ್ತೆ ಮತ್ತೆ ಕೂಡಿದಳು, ತಪ್ಪಿಲ್ಲ.

ಉಳಿದವರು ಎಲ್ಲರೂ ಮಾವ ಎಂದೇ ಕರೆಯುವ ಲಾರಿಯ ಡ್ರೈವರ್. ಕಂಟೇನರ್ ಪೆಟ್ಟಿಗೆಯ ಮೇಲೆ ನೊಣ ಕೂಡ ಕೂತಿಲ್ಲ ಎಂದು ಅವರು ಆಣೆ ಮಾಡಿದರು — ಆಣೆ ಮಾಡುವಾಗಲೂ ಮುಖದ ತುಂಬ ನಗು.

“ಎಲ್ಲರ ಮುಖ ಬಾಡಿದೆ. ನೀವೊಬ್ರೇ ನಗ್ತಿದೀರಲ್ಲ?”

“ಮೊಮ್ಮಗಳು ಹುಟ್ಟಿದಾಳೆ ಮೇಡಂ. ಇದನ್ನ ಇಳಿಸಿದ ತಕ್ಷಣ ಮಗಳ ಊರಿಗೆ ಸೀದಾ ಹೊರಡೋದು. ಎಲ್ಲೂ ನಿಲ್ಲಿಸಲ್ಲ.”

ಮೇಡಂ ಲಾರಿಗೆ ಒಂದು ಸುತ್ತು ಬಂದರು. ಕ್ಯಾಬಿನ್ ಹಿಂದೆ ಹೊಚ್ಚಹೊಸ ನೀಲಿ ಪ್ಲಾಸ್ಟಿಕ್ ಟಬ್ಬೊಂದನ್ನು ಹಗ್ಗದಿಂದ ಕಟ್ಟಲಾಗಿತ್ತು. ಬೆಳಿಗ್ಗೆ ಖಾಲಿ ಲಾರಿ ತೂಗಿದಾಗ ಇದು ಇತ್ತೇ ಎಂದು ಕೇಳಿದರು. ಇರಲಿಲ್ಲ ಎಂದಳು ಹುಡುಗಿ. ಟಬ್ಬು ಎಲ್ಲಾದರೂ ಮುನ್ನೂರು ಕಿಲೋ ತೂಗೀತೇ? ಈ ಮೇಡಮ್ಮಿಗೆ ಬುದ್ಧಿ ನೆಟ್ಟಗಿದೆಯೇ ಎಂದು ಅವಳಿಗೆ ಅನುಮಾನವಾಯಿತು.

“ಪೆಟ್ಟಿಗೆ ಕೆಳಗಿಳಿಸಿ. ಖಾಲಿ ಲಾರಿನ ಇನ್ನೊಂದ್ಸಲ ತೂಗಿ.”

ತೂಗಿದರು. ಖಾಲಿ ಲಾರಿಯೇ ಬೆಳಿಗ್ಗೆಗಿಂತ ಮುನ್ನೂರು ಕಿಲೋ ಜಾಸ್ತಿ!

“ಕಳ್ಳ ಪೆಟ್ಟಿಗೇಲಿಲ್ಲಮ್ಮ, ಲಾರಿ ಹೊಟ್ಟೇಲಿದಾನೆ,” ಎಂದರು ಮೇಡಂ. ತುಂಬಿದ ಲಾರಿಯ ತೂಕದಲ್ಲಿ ಬೆಳಗಿನ ಖಾಲಿ ಲಾರಿಯ ತೂಕ ಕಳೆದರೆ ಕಂಟೇನರಿನ ತೂಕ ಸಿಗಬೇಕು. ಆದ್ದರಿಂದ ಎರಡು ತೂಕಗಳ ನಡುವೆ ಲಾರಿಗೆ ಡೀಸೆಲ್ ಹಾಕಿಸಬಾರದು; ದೊಡ್ಡ ಟ್ಯಾಂಕ್ ತುಂಬಿದರೆ ಡೀಸೆಲ್ಲೇ ಮುನ್ನೂರು ಕಿಲೋ ತೂಗುತ್ತದೆ. ಹೆದ್ದಾರಿಯ ಬಂಕಿನಲ್ಲಿ ಟ್ಯಾಂಕ್ ಭರ್ತಿ ಮಾಡಿಸಿದವರಿಗೆ ಈ ನೀಲಿ ಟಬ್ಬು ಉಚಿತ. ಹಾಗೆಂದು ಬರೆದ ಬೋರ್ಡನ್ನು ಬೆಳಿಗ್ಗೆಯಷ್ಟೇ ಮೇಡಂ ಕಣ್ಣಾರೆ ಕಂಡಿದ್ದರು. ಎಲ್ಲರೂ ಪೆಟ್ಟಿಗೆಯನ್ನೇ ನೋಡುತ್ತ ಕೂತರು, ಲಾರಿಯನ್ನು ಯಾರೂ ನೋಡಲಿಲ್ಲ.

“ಅಪರಾಧಿ ನೀವೇ ಅಲ್ವಾ?”

ಮಾವ ನಾಲಿಗೆ ಕಚ್ಚಿಕೊಂಡರು. “ಕೂಸಿಗೆ ನೀರು ಹಾಕೋಕೆ ಆಗುತ್ತೆ ಅಂತ ಆಸೆಪಟ್ಟೆ, ಮೇಡಂ. ಖುಷೀಲಿ ನಿಯಮಾನೇ ಮರೆತುಹೋಯ್ತು.” ಆಮೇಲೆ ಹುಡುಗಿಯ ಕಡೆ ತಿರುಗಿ ಕೈಮುಗಿದರು. “ನಿನ್ನ ಅನ್ನಕ್ಕೇ ಕಲ್ಲು ಹಾಕ್ತಿದ್ನಲ್ಲ ತಾಯಿ!”

ಅವಳಿಗೆ ಬೈಯಬೇಕೆನಿಸಿತು, ಆದರೆ ನಗು ಬಂತು. ಹೊಸ ಲೆಕ್ಕದಲ್ಲಿ ಅವಳ ತೂಕ ತಾಳೆಯಾಗಿತ್ತು. ಮೇಡಂ ಸಹಿ ಹಾಕಿದರು. ಕ್ರೇನು ಕಂಟೇನರನ್ನು ಹಡಗಿನತ್ತ ಎತ್ತಿತು.

“ಮಗು ಎಷ್ಟು ತೂಕ ಮಾವ?”

“ಮೂರು ಕಿಲೋ.”

“ಮೂರು ಕಿಲೋ ಕೂಸು, ಮುನ್ನೂರು ಕಿಲೋ ಗಲಾಟೆ! ಹುಟ್ಟುತ್ಲೇ ಹಡಗು ನಿಲ್ಲಿಸೋಕೆ ಹೊರಟಿದ್ಲು,” ಎಂದು ನಗುತ್ತ, ಅವಳು ಟಬ್ಬಿನ ಹಗ್ಗವನ್ನು ತಾನೇ ಇನ್ನೊಮ್ಮೆ ಬಿಗಿದು ಕಟ್ಟಿ ಮಾವನನ್ನು ಕಳಿಸಿಕೊಟ್ಟಳು.