ಕೊಳೆತೆಲೆಯ ಮೂರನೇ ಚೀಲ

ಅಂಬಾಜಿದುರ್ಗ ಬೆಟ್ಟದ ಹಿಂಬದಿಯ ಹಳ್ಳ ಇನ್ನು ನಾಲ್ಕು ದಿನಕ್ಕೆ ಬತ್ತುತ್ತದೆ. ಆರು ವಾರದ ಹಿಂದೆ ತನುಜ ಅದರಲ್ಲಿ ಮೂರು ಬಲೆಚೀಲ ಕಟ್ಟಿ ಬಂದಿದ್ದಳು; ಒಂದೊಂದರಲ್ಲೂ ಒಂದು ಹಿಡಿ ಹೊಂಗೆ ಎಲೆ. ಹರಿಯುವ ನೀರಿನಲ್ಲಿ ಕೊಳೆಯುವ ಎಲೆಯ ಮೇಲೆ ಬೆಳೆಯುವ ಬೂಷ್ಟೇ ಅವಳ ಸಂಶೋಧನೆ. ಆ ಬೂಷ್ಟು ಅಷ್ಟರೊಳಗೆ ಜೀವಂತವಾಗಿ ಕೈಸೇರದಿದ್ದರೆ ಒಂದು ವರ್ಷದ ಕೆಲಸ ಮಣ್ಣುಪಾಲು.

"ಬೂಷ್ಟಿಗೆ ಬೆಟ್ಟ ಹತ್ಬೇಕೇನಮ್ಮಾ? ಹಳಸಿದ ಮುದ್ದೆ ಮೇಲೆ ಬೇಕಾದಷ್ಟು ಬೆಳೀತೈತಲ್ಲ!" ಎಂದ ಮುನಿಶಾಮಪ್ಪ, ಮೂಗು ಸಿಂಡರಿಸಿ.

ಅವನು ತನುಜಳ ಸೋದರಮಾವ. ಹುಟ್ಟಿದ್ದು ಈ ಬೆಟ್ಟದ ಬುಡದಲ್ಲಿ, ಈಗ ರೇಷ್ಮೆಹುಳು ಸಾಕುವುದು ಸಾದಲಿಯಲ್ಲಿ. ಬೂಷ್ಟು ಎಂದರೆ ಅವನಿಗೆ ಆಗುತ್ತಿರಲಿಲ್ಲ. ಒಂದು ಮಳೆಗಾಲ ಸುಣ್ಣಕಟ್ಟು ರೋಗ ತಗುಲಿ, ಗೂಡು ಕಟ್ಟಬೇಕಿದ್ದ ಹುಳುಗಳೆಲ್ಲ ಬಿಳಿ ಬೂಷ್ಟು ಹೊದ್ದು ಸೀಮೆಸುಣ್ಣದ ಕಡ್ಡಿಗಳಂತೆ ಸೆಟೆದಿದ್ದವು. ಬುಟ್ಟಿಗಟ್ಟಲೆ ಬಾಚಿ ಸುಟ್ಟವನು ಅವನೇ. ಅಂದಿನಿಂದ ಸುಣ್ಣ, ಬ್ಲೀಚಿಂಗ್ ಬೆರೆಸಿದ ಪುಡಿಯ ಪೊಟ್ಟಣ ಅವನ ಜೇಬು ಬಿಟ್ಟಿರಲಿಲ್ಲ.

ಬಿಸಿಲೇರುವ ಮೊದಲೇ ಇಬ್ಬರೂ ಹತ್ತಿದರು. ಕೆಳಗೆ ಹಿಪ್ಪುನೇರಳೆ ತೋಟಗಳ ಹಸಿರು, ಮೇಲೆ ಆನೆಯ ಮೇಲೆ ಆನೆ ಮಲಗಿದಂತೆ ಬಂಡೆಗಳು, ನಡುವೆ ಹೊಂಗೆ, ಹುಣಸೆ, ಲಂಟಾನದ ಪೊದೆ. ಬಂಡೆಗಳ ಸಂದಿನಲ್ಲಿ ಹಳ್ಳ ಸಣ್ಣ ದನಿಯಲ್ಲಿ ತನ್ನ ಪಾಡಿಗೆ ತಾನು ಹಾಡುತ್ತಿತ್ತು. ನೋಟಕ್ಕೆ ಚಂದ, ವಾಸನೆಗಲ್ಲ.

ಮೊದಲ ಚೀಲ ಸಿಕ್ಕಿತು. ಎಲೆಗಳು ಕಪ್ಪಗೆ, ಗೊಣ್ಣೆ ಸುರಿದಂತೆ ಲೋಳೆಲೋಳೆ. ಎರಡನೆಯದರ ಮೇಲೆ ಹಳದಿ ನೊರೆ, ಒಳಗೆ ಸತ್ತ ಏಡಿ. ತನುಜ ಎರಡನ್ನೂ ಹಳ್ಳದ ನೀರು ತುಂಬಿದ ಡಬ್ಬಿಗಳಲ್ಲಿಟ್ಟು, ನೀರಿನ ಬಿಸಿ ಅಳೆಯಲು ಮೇಲಕ್ಕೆ ಹೋದಳು.

ತಿರುಗಿ ಬಂದಾಗ ಡಬ್ಬಿಯ ನೀರು ಹಾಲಿನಂತೆ ಬೆಳ್ಳಗಿತ್ತು.

"ಏನ್ಮಾಡಿದೆ ಮಾವ?"

"ಗಬ್ಬು ನಾರ್ತಿತ್ತು ಕಣಮ್ಮ. ಒಂದ್ ಚಿಟಿಕೆ ಪುಡಿ..." ಪೊಟ್ಟಣ ಇನ್ನೂ ಅವನ ಕೈಯಲ್ಲೇ ಇತ್ತು.

"ನನ್ನ ಬೂಷ್ಟೆಲ್ಲ ಸತ್ತೋಯ್ತು," ಎಂದಳು ತನುಜ. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ಮೂರನೇದು?"

"ನೀರಿನ ಸೆಳೆತಕ್ಕೆ ಕಟ್ಟು ಬಿಚ್ಚಿ, ಬಂಡೆಸಂದಿನಿಂದ ಕೆಳಗಿನ ಆ ಗವಿಯೊಳಗೆ ಬಿದ್ದಿದೆ. ಅದರ ಆಸೆ ಬಿಟ್ಟಿದ್ದೆ."

ಮುನಿಶಾಮಪ್ಪ ಗವಿಯ ಬಾಯಿ ನೋಡಿದ. ಒಳಗಿನ ತುದಿಯಲ್ಲಿ ನೀರು ಧುಮುಕುವ ಸದ್ದು. ಈಚೆಗೆ ನಿಂತ ಮಡು, ಅದರ ಮೇಲೆ ಕೊಳೆತ ಎಲೆಯ ಕೆನೆ. ತನುಜ ತಂದಿದ್ದ ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡ. "ಹಿಡ್ಕೋ. ನಾನು ವಾಂತಿ ಮಾಡ್ಕೊಂಡ್ರೆ ನಗಬೇಡ."

ಮೊಣಕಾಲು. ಸೊಂಟ. ಎದೆ.

ಕೊಳೆತ ಮೊಟ್ಟೆಯ ನಾತ ಗಂಟಲಿಗಿಳಿಯಿತು. ಏನೋ ಮೆತ್ತಗೆ ತೊಡೆ ಸವರಿತು. "ಥೂ! ಥೂ!"

ಕಾಲು ಜಾರಿತು. ತಲೆ ಮುಳುಗಿತು. ಬಾಯಿ ತುಂಬ ಲೋಳೆ.

ತನುಜ ಬಂಡೆಗೆ ಪಾದ ಕೊಟ್ಟು ಎಳೆದಳು. ಹಗ್ಗ ಅಂಗೈ ಸುಲಿಯಿತು. ಕೆಮ್ಮುತ್ತ ಎದ್ದವನು ಕೂಗಿದ: "ಎಳೀಬೇಡ! ಕೈಗೆ ಸಿಕ್ತು!"

ಧುಮುಕುವ ನೀರಿನಡಿ ಚೀಲ ಕಲ್ಲಿಗೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿ, ಹುಳುವಿನ ತಟ್ಟೆ ಎತ್ತುವಷ್ಟೇ ನಾಜೂಕಾಗಿ ಎರಡೂ ಕೈಯಲ್ಲಿ ತಲೆಯ ಮೇಲೆ ಹಿಡಿದು ಬಂದ. ಕಪ್ಪು ರಸ ಮುಖದ ಮೇಲೆ ತೊಟ್ಟಿಕ್ಕುತ್ತಿತ್ತು. ಒರೆಸಲು ಕೈ ಖಾಲಿಯಿರಲಿಲ್ಲ.

ಸಾದಲಿಯಲ್ಲಿ ಹೆಂಡತಿ ಮುನಿಗಂಗಮ್ಮ ಅಂಗಳದಲ್ಲೇ ತಡೆದಳು. "ಹುಳುಮನೆ ಕಡೆ ತಲೆ ಹಾಕ್ಬೇಡ. ಎಮ್ಮೇನೇ ವಾಸಿ ನಿನಗಿಂತ!" ಮೂರು ಕೊಡ ನೀರು ಸುರಿದುಕೊಂಡರೂ ನಾತ ಹೋಗಲಿಲ್ಲ. ರಾತ್ರಿಯ ಊಟವೂ ಸೇರಲಿಲ್ಲ.

ಬೀದಿಯಾಚೆಯ ಕೊಟ್ಟಿಗೆಯಲ್ಲಿ ಮೂರನೇ ಚೀಲದ ಎಲೆಗಳಿದ್ದ ಡಬ್ಬಿಯ ನೀರಿಗೆ ಮೀನುತೊಟ್ಟಿಯ ಪಂಪು ಎರಡು ದಿನ ಗಾಳಿಯೂದಿತು. ಆಮೇಲೆ ತನುಜ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಮಾವನನ್ನು ಕರೆದಳು.

ಅವನು ಉಸಿರು ಬಿಗಿಹಿಡಿದು ಬಗ್ಗಿದ. ಬೂಷ್ಟು ಆಗತಾನೆ ಉದುರಿಸಿದ, ಗಾಜಿನಂಥ ಸಣ್ಣ ಸಣ್ಣ ಬೀಜಕಗಳು, ಒಂದೊಂದಕ್ಕೂ ನಾಲ್ಕು ತೋಳು.

"ಜೀವ ಐತಾ?"

"ಐತೆ ಮಾವ. ಕೆಲಸ ಉಳೀತು."

"ಒಳ್ಳೇದಾಯ್ತು. ಆದ್ರೂ ಥೂ," ಎಂದು ಜೇಬಿನಿಂದ ಪೊಟ್ಟಣ ತೆಗೆದ.

ತನುಜ ಡಬ್ಬಿಗೆ ಅಡ್ಡ ಕೈ ಹಿಡಿದಳು. ಆದರೆ ಅವನು ಡಬ್ಬಿಯಿಂದ ಮಾರು ದೂರ ಹಿಂದೆ ಸರಿದು, ಬೂಷ್ಟು ಹುಳುಮನೆಗೆ ದಾಟದಂತೆ ಕೊಟ್ಟಿಗೆಯ ಬಾಗಿಲಿಗಷ್ಟೇ ಅಡ್ಡಲಾಗಿ ಸುಣ್ಣದ ಗೆರೆ ಎಳೆದ. ಮತ್ತೆ ಕೈ ತೊಳೆಯಲು ಹೋದ.